ಥಾರ್ ಕಥೆಲಿ ಬರೋ ರೋಸ್ಕ್ವ ಅನ್ನೋ ಹುಡುಗಿ ಏನ್ ಮಾಡಿದ್ಲು? ಮಗಳಿಗೆ ಕಥೆ ಬರೀತಿದೀನಿ, ಸ್ವಲ್ಪ ಹೆಲ್ಪ್ ಮಾಡಿ

ಇರುಳುಗತೆ:

ನಮಸ್ಕಾರ ಎಲ್ರಿಗೂ. ನನ್ ಮಗಳಿಗೆ 8 ವರ್ಷ, ರಾತ್ರಿ ಲೈಟ್ ಆರಿಸೋಕ್ ಮುಂಚೆ ಕಥೆ ಆಗ್ಲೇಬೇಕು. ರಾಮಾಯಣ, ಭಾರತ, ತೆನಾಲಿ ರಾಮ ಎಲ್ಲಾ ಎರಡೆರಡು ಸಲ ಮುಗ್ದು ಈಗ ನಾನು ಬಾಯಿ ತೆಗೆಯೋಕ್ ಮುಂಚೇನೇ "ಗೊತ್ತು, ಮುಂದೆ" ಅಂತಾಳೆ. ಅದಕ್ಕೆ ಹೋದ್ ತಿಂಗ್ಳು ಥಾರ್ ಅನ್ನೋ ಉತ್ತರ ಯೂರೋಪಿನ ಹಳೇ ದೇವರ ಕಥೆ ಶುರು ಮಾಡ್ದೆ. ಸಿನಿಮಾದ್ದಲ್ಲ, ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದಿಟ್ಟ ಎಡ್ಡಾ ಅನ್ನೋ ಪುಸ್ತಕದಲ್ಲಿರೋದು.

ಓದಿಲ್ದೋರಿಗೆ ಚಿಕ್ಕದಾಗಿ ಹೇಳ್ತೀನಿ. ಥಾರ್ ಮತ್ತೆ ಲೋಕಿ ಅನ್ನೋ ತುಂಟ ದೇವರು ಎರಡು ಹೋತ ಕಟ್ಟಿದ ಗಾಡಿಲಿ ಹೋಗ್ತಾ ಇರ್ತಾರೆ, ಕತ್ಲಾಗತ್ತೆ, ಒಬ್ಬ ರೈತನ ಮನೆಲಿ ಉಳ್ಕೋತಾರೆ. ಥಾರ್ ತನ್ನ ಹೋತಗಳನ್ನೇ ಕೊಯ್ದು ಕೊಪ್ಪರಿಗೆಗೆ ಹಾಕಿ ಬೇಯ್ಸಿ ಮನೆಯೋರ್ನೂ ಊಟಕ್ಕೆ ಕೂರಿಸ್ತಾನೆ. ಹೇಳೋದು ಒಂದೇ ಮಾತು, ತಿಂದ ಮೂಳೆನೆಲ್ಲ ಅಲ್ಲಿ ಹಾಸಿರೋ ಚರ್ಮದ ಮೇಲೆ ಹಾಕ್ಬೇಕು. ರೈತನ ಮಗ ಥ್ಯಾಲ್ವಿ ಏನ್ ಮಾಡ್ತಾನೆ, ತೊಡೆ ಮೂಳೆನ ಚಾಕುಲಿ ಸೀಳಿ ಒಳಗಿಂದು ತಿಂದ್‌ಬಿಡ್ತಾನೆ. ಬೆಳಿಗ್ಗೆ ಥಾರ್ ಸುತ್ತಿಗೆ ಎತ್ತಿ ಹರಸಿದ್ರೆ ಎರಡೂ ಹೋತ ಎದ್ದು ನಿಲ್ತವೆ, ಆದ್ರೆ ಒಂದಕ್ಕೆ ಹಿಂಗಾಲು ಕುಂಟು. ಥಾರ್‌ಗೆ ಬಂದ ಸಿಟ್ಟಿಗೆ ಸುತ್ತಿಗೆ ಹಿಡಿದ ಬೆರಳ ಗೆಣ್ಣೆಲ್ಲ ಬೆಳ್ಳಗಾಗತ್ತೆ. ರೈತ ನಡುಗ್ಕೊಂಡು ನಮ್ಮತ್ರ ಇರೋದೆಲ್ಲಾ ತಗೊ ಅಂತಾನೆ. ಆಮೇಲೆ ಥಾರ್ ತಣ್ಣಗಾಗಿ ಮಕ್ಕಳಿಬ್ರನ್ನೂ ಆಳುಗಳಾಗಿ ಕರ್ಕೊಂಡ್ ಹೋಗ್ತಾನೆ. ಒಬ್ಬ ಥ್ಯಾಲ್ವಿ, ಇನ್ನೊಬ್ಳು ರೋಸ್ಕ್ವ.

ಅಲ್ಲಿಂದ ಸಮುದ್ರ ದಾಟಿ ದೈತ್ಯರ ದೇಶಕ್ಕೆ ಹೋಗಿ ಉಟ್‌ಗಾರ್ಡಿನ ಕೋಟೆಲಿ ಪಂದ್ಯ ಕಟ್ತಾರೆ. ಲೋಕಿ ತಿನ್ನೋದ್ರಲ್ಲಿ ಸೋಲ್ತಾನೆ, ಥ್ಯಾಲ್ವಿ ಓಟದಲ್ಲಿ ಸೋಲ್ತಾನೆ, ಥಾರ್ ಅಂತೂ ಕೊಂಬಿಂದ ಕುಡಿಯೋದ್ರಲ್ಲೂ, ಬೆಕ್ಕು ಎತ್ತೋದ್ರಲ್ಲೂ, ಕೊನೆಗೆ ಒಬ್ಬ ಮುದುಕಿ ಜೊತೆ ಕುಸ್ತಿಲೂ ಸೋಲ್ತಾನೆ. ಮೂರು ರಾತ್ರಿ ಹೇಳ್ದೆ. ಮೂರನೇ ರಾತ್ರಿ ಮುಗಿದ್‌ಮೇಲೆ ಮಗಳು ಕೇಳಿದ್ಲು, "ಅಮ್ಮಾ, ರೋಸ್ಕ್ವ ಏನ್ ಮಾಡಿದ್ಲು?"

ಪುಸ್ತಕ ತಿರುಗಿಸಿ ತಿರುಗಿಸಿ ನೋಡ್ದೆ. ಏನೂ ಇಲ್ಲ. ಒಂದ್ ಮಾತೂ ಆಡಲ್ಲ, ಒಂದ್ ಪಂದ್ಯಕ್ಕೂ ಕರೆಯಲ್ಲ. "ಮೂಳೆ ಮುರ್ದಿದ್ದು ಅವ್ನಲ್ವಾ, ಇವಳನ್ಯಾಕೆ ಕರ್ಕೊಂಡ್ ಹೋದ್ರು?" ಅಂತ ಇನ್ನೊಂದು ಪ್ರಶ್ನೆ. ಉತ್ತರ ಹೊಳೀಲಿಲ್ಲ, ನಾಳೆ ಹೇಳ್ತೀನಿ ಮಲ್ಕೋ ಅಂದೆ. ಈಗ ದಿನಾ ಅದೇ "ನಾಳೆ" ನಡೀತಿದೆ.

ಅದಕ್ಕೆ ರೋಸ್ಕ್ವಳ ಕಥೆ ಅಂತಲೇ ಒಂದು ಬರೆಯೋಕ್ ಕೂತಿದೀನಿ. ಸಿಕ್ಕಾಕೊಂಡಿರೋದು ಎಲ್ಲಿ ಅಂದ್ರೆ, ಇವಳು ಅಕ್ಕನಾ ತಂಗಿನಾ? ಇಂಗ್ಲಿಷ್‌ನಲ್ಲಿ ಸಿಸ್ಟರ್ ಅಂದು ಮುಗಿಸ್ತಾರೆ, ನಮ್ಗೆ ಮೊದಲ ಸಾಲಲ್ಲೇ ಬೇಕಲ್ಲ. ಆಮೇಲೆ ಅವಳು ಥಾರ್‌ನ ನೀನು ಅಂತಾಳಾ ನೀವು ಅಂತಾಳಾ? ದೇವರೂ ಹೌದು, ಯಜಮಾನನೂ ಹೌದು. ಮತ್ತೆ ಹೀಗೆ ಹಳೇ ಕಥೆಗೆ ನಾನೇ ಸೇರಿಸ್ಕೊಂಡ್ ಹೋಗೋದು ಸರಿನಾ? ಇಲ್ಲೀವರೆಗೆ ಬರೆದಿರೋದ್ರಲ್ಲಿ ರೈತನ ಹೆಂಡತಿ ಆಲೂಗಡ್ಡೆ ಸಾರು ಮಾಡಿ, ಥಾರ್ ಕೊಂಬಿನ ಶಿರಸ್ತ್ರಾಣ ತೆಗೆದು ಗೂಟಕ್ಕೆ ನೇತಾಕಿ ಊಟಕ್ಕೆ ಕೂತಿದಾನೆ, ಅಷ್ಟೇ.

ಹಳೇಪುಸ್ತಕ:

ಮೊದ್ಲು ಆ ಆಲೂಗಡ್ಡೆ ತೆಗೀರಿ ಮೇಡಂ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಬಂದಿದ್ದೇ 16ನೇ ಶತಮಾನದಲ್ಲಿ. ಆ ಮನೆಲಿ ಬಾರ್ಲಿ ಗಂಜಿ, ಒಣಮೀನು, ಬೆಣ್ಣೆ ಇರ್ಲಿ. ಸ್ಕೀರ್ ಅಂತ ನೀರು ಬಸಿದ ಗಟ್ಟಿ ಮೊಸರಿನ ಹಾಗಿರೋದು ಐಸ್‌ಲ್ಯಾಂಡಿನವ್ರು ಇವತ್ತಿಗೂ ತಿಂತಾರೆ, ಅದನ್ನ ಹಾಕಿ, ಮಕ್ಕಳಿಗೆ ಮೊಸರು ಅಂದ್ರೆ ತಕ್ಷಣ ಅರ್ಥ ಆಗತ್ತೆ. ಕೊಂಬಿನ ಶಿರಸ್ತ್ರಾಣನೂ ಬೇಡ. ಅದು ವೈಕಿಂಗರದ್ದಲ್ಲ (ಆ ಕಾಲದ ಉತ್ತರದ ಕಡಲುಗಾರರು), 1876ರಲ್ಲಿ ಜರ್ಮನಿಯ ಸಂಗೀತಗಾರ ವಾಗ್ನರ್‌ನ ಒಪೆರಾಗೆ, ಅಂದ್ರೆ ಹಾಡಿನ ನಾಟಕಕ್ಕೆ, ಬಟ್ಟೆ ಡಿಸೈನ್ ಮಾಡ್ದೋರು ಕೊಂಬು ಇಟ್ರು, ಅಲ್ಲಿಂದ ಎಲ್ರ ತಲೆಗೂ ಬಂತು. ನಾರ್ವೆಯ ಯೆರ್ಮುಂಡ್‌ಬುನಲ್ಲಿ 1943ರಲ್ಲಿ ನಿಜವಾದ ವೈಕಿಂಗ್ ಕಾಲದ್ದು ಸಿಕ್ತಲ್ಲ, ಅದು ದುಂಡಗೆ ಬೋಗುಣಿ ಬೋರಲು ಹಾಕಿದ ಹಾಗಿದೆ, ಕಣ್ಣಿನ ಸುತ್ತ ಕನ್ನಡಕದ ಥರ ಕಬ್ಬಿಣ.

ಇನ್ನು ಸೇರಿಸೋದು ಸರಿನಾ ಅಂದ್ರಲ್ಲ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಬಂದಿದ್ದು ಸುಮಾರು 1000ನೇ ಇಸವಿಲಿ. ಸ್ನೋರಿ ಬರೆಯೋ ಹೊತ್ತಿಗೆ 200 ವರ್ಷ ಕಳೆದಿತ್ತು, ಅವ್ರೂ ಕ್ರೈಸ್ತರೇ. ಹಳೇ ಪದ್ಯ ಬರೆಯೋರಿಗೆ ಈ ಕಥೆಗಳು ಗೊತ್ತಿರ್ಬೇಕು, ಇಲ್ಲಾಂದ್ರೆ ಪದ್ಯದ ಒಗಟು ಬಿಡಿಸಕ್ಕಾಗಲ್ಲ ಅಂತ ಕೂತು ಬರೆದ್ರು. ಇದೇ ಕುಂಟ ಹೋತದ ಮಾತು ಇನ್ನೊಂದು ಹಳೇ ಪದ್ಯದಲ್ಲಿ ಬರತ್ತೆ, ಅಲ್ಲಿ ತಪ್ಪೆಲ್ಲ ಲೋಕಿದು! ಅಂದ್ರೆ ಅವ್ರವ್ರಲ್ಲೇ ಕಥೆ ಒಂದೇ ಥರ ಇರ್ಲಿಲ್ಲ. ನೀವು ಧೈರ್ಯವಾಗಿ ಬರೀರಿ, ಆದ್ರೆ ಇರೋದನ್ನ ಕೆಡಿಸ್ಬೇಡಿ, ಇಲ್ಲದಿರೋ ಜಾಗದಲ್ಲಿ ಹಾಕಿ. ರೋಸ್ಕ್ವ ಇರೋ ಜಾಗ ಪೂರ್ತಿ ಖಾಲಿ.

ಅಕ್ಕನಾ ತಂಗಿನಾ ಅಂತ ಸ್ನೋರಿ ಹೇಳಿಲ್ಲ. ಆದ್ರೆ ಥೋರ್ಸ್‌ದ್ರಾಪಾ ಅನ್ನೋ ಹಳೇ ಪದ್ಯದಲ್ಲಿ ಥ್ಯಾಲ್ವಿನ್ನ ಹೆಸರು ಹಿಡಿದು ಕರೆಯೋ ಬದಲು "ರೋಸ್ಕ್ವಳ ಸೋದರ" ಅಂದಿದಾರೆ. ಇದ್ರಿಂದ ಅಕ್ಕ ಅಂತ ಸಾಬೀತಾಗಲ್ಲ, ಆದ್ರೂ ಊರಲ್ಲಿ ಹುಡುಗನ್ನ "ಸರೋಜನ್ ತಮ್ಮ" ಅಂತ ಯಾವಾಗ ಕರೀತಾರೆ ಹೇಳಿ, ಸರೋಜ ಎಲ್ರಿಗೂ ಗೊತ್ತಿದ್ರೆ ತಾನೆ? ನಾನಾಗಿದ್ರೆ ಅಕ್ಕ ಅಂತಲೇ ಮಾಡ್ತಿದ್ದೆ. ಅವಳ ಹೆಸ್ರಿಗೆ ಚುರುಕು, ಗಟ್ಟಿಗಿತ್ತಿ ಅನ್ನೋ ಥರದ ಅರ್ಥ ಬೇರೆ ಇದೆ.

ಥ್ಯಾಲ್ವಿಗೆ ಮುಂದೆ ಇನ್ನೊಂದು ಸಾಹಸ ಉಂಟು, ದೈತ್ಯರು ಜೇಡಿಮಣ್ಣಲ್ಲಿ ಒಂದು ಬೃಹತ್ ಗೊಂಬೆ ಮಾಡಿ ಅದಕ್ಕೆ ಹೆಣ್ಣುಕುದುರೆ ಹೃದಯ ಇಡ್ತಾರೆ, ಅದು ಥಾರ್‌ನ ನೋಡಿದ್ ತಕ್ಷಣ ನಿಂತಲ್ಲೇ ಉಚ್ಚೆ ಹೊಯ್ಕೊಳತ್ತೆ, ಥ್ಯಾಲ್ವಿ ಅದನ್ನ ಉರುಳಿಸ್ತಾನೆ. 8 ವರ್ಷದೋರಿಗೆ ಇದಕ್ಕಿಂತ ಒಳ್ಳೇ ಕಥೆ ಇಲ್ಲ. ಅಲ್ಲೂ ರೋಸ್ಕ್ವ ಇಲ್ಲ ಬಿಡಿ.

ಅಮ್ಮ_ಆಫ್_ಟೂ:

ನನಗೊಂದು ಡೌಟ್, ಮಲಗೋ ಟೈಮಲ್ಲಿ ಮಕ್ಕಳಿಗೆ ಹೋತ ಕೊಯ್ಯೋದು ಚರ್ಮ ಸುಲಿಯೋದು ಎಲ್ಲಾ ಯಾಕೆ? ನಮ್ಮನೇಲಿ ಮೊಟ್ಟೆನೂ ಇಲ್ಲ, ನನ್ ಮಗ ಇದನ್ನ ಕೇಳಿದ್ರೆ ರಾತ್ರಿಯೆಲ್ಲ ಅಳ್ತಾನೆ. ಗಾಡಿ ಚಕ್ರ ಮುರೀತು ಅಂತ ಮಾಡ್ಬಹುದಲ್ವಾ, ಹೋತದ ಬದ್ಲು? ಬೇಜಾರ್ ಮಾಡ್ಕೋಬೇಡಿ.

ಭಾನುವಾರದ_ಬಾಡೂಟ:

ಚಕ್ರ ಮುರಿದ್ರೆ ಬಡಗಿನ ಕರೆದ್ರಾಯ್ತು, ಕಥೆ ಎಲ್ಲಿಂದ ಬರತ್ತೆ ಮೇಡಂ :) ಹೋತ ಸತ್ತು ಬೆಳಿಗ್ಗೆ ಎದ್ದು ಬರತ್ತಲ್ಲ, ಅಳೋ ಮಗುನೂ ಅಲ್ಲಿ ಚಪ್ಪಾಳೆ ಹೊಡ್ಯುತ್ತೆ. ಬೇಕಾದ್ರೆ ಕೊಯ್ಯೋದನ್ನ ಒಂದೇ ಮಾತಲ್ಲಿ ದಾಟಿಸಿ, ಏಳೋದನ್ನ ನಿಧಾನಕ್ಕೆ ಹೇಳಿ.

ಆದ್ರೆ ಆ ಮೂಳೆ ಸೀಳೋದಿದ್ಯಲ್ಲ, ಅದನ್ನ ಮಾತ್ರ ಮುಟ್ಬೇಡಿ. ನಮ್ ಮನೇಲಿ ಭಾನುವಾರ ಮಟನ್ ಸಾರಂದ್ರೆ ನಲ್ಲಿ ಮೂಳೆ ಯಾರ್ ತಟ್ಟೆಗೆ ಬೀಳತ್ತೆ ಅಂತ ನಾನೂ ನಮ್ಮಣ್ಣನೂ ಸೌಟನ್ನೇ ನೋಡ್ತಾ ಕೂತಿರ್ತಿದ್ವಿ. ಸಿಕ್ತು ಅಂದ್ರೆ ಮೊದ್ಲು ಒಂದ್ ಕಡೆಯಿಂದ ಸೊರ್ ಅಂತ ಹೀರೋದು, ಬರ್ಲಿಲ್ಲಾಂದ್ರೆ ತಟ್ಟೆಗೆ ಟಕ್ ಟಕ್ ಕುಟ್ಟೋದು, ಆಗ್ಲೂ ಬರ್ಲಿಲ್ಲಾಂದ್ರೆ ಸ್ಪೂನ್ ಹಿಂದುಗಡೆ ತೂರ್ಸೋದು. ನಮ್ಮಜ್ಜಿ ತಟ್ಟೆ ಒಡೆಯತ್ತೆ ಕಣೋ ಅಂತ ಬೈಯೋರು. ಆ ಥ್ಯಾಲ್ವಿ ಕೆಟ್ಟೋನಲ್ಲ ಸ್ವಾಮಿ, ಹಸ್ದಿದಾನೆ, ಅಷ್ಟೊಂದ್ ಮಾಂಸ ಅವ್ನು ವರ್ಷದಲ್ಲಿ ಎಷ್ಟ್ ಸಲ ನೋಡಿರ್ತಾನೋ ಏನೋ, ದೇವ್ರು ಹೇಳಿದ್ ಮಾತು ಕಿವಿಗೇ ಬಿದ್ದಿಲ್ಲ. ನಿಮ್ ಕಥೆಲಿ ಅಕ್ಕ ಪಕ್ಕದಲ್ಲೇ ಕೂತಿರ್ಲಿ. ಅವ್ನು ಅರ್ಧ ತಿಂದು ಅರ್ಧ ಅಕ್ಕಂಗೆ ಕೊಟ್ಟ ಅಂತ ಮಾಡಿ. ಅವಳನ್ಯಾಕ್ ಕರ್ಕೊಂಡ್ ಹೋದ್ರು ಅನ್ನೋ ನಿಮ್ ಮಗಳ ಪ್ರಶ್ನೆಗೆ ಉತ್ರನೂ ಸಿಗತ್ತೆ.

ಬಾದಾಮಿ_ಬಿಸಿಲು:

ಇದನ್ನ ಓದಿದ ಕೂಡ್ಲೇ ನಮಗ ನೆನಪಾಗಿದ್ದು ವಾತಾಪಿ ನೋಡ್ರಿ. ಇಲ್ವಲ ತನ್ನ ತಮ್ಮ ವಾತಾಪಿನ್ನ ಮ್ಯಾಕಿ ಮಾಡಿ, ಕೊಯ್ದು, ಅಡಗಿ ಮಾಡಿ ಬಂದವ್ರಿಗೆ ಉಣಿಸಿ, ವಾತಾಪಿ ಬಾರಪ್ಪಾ ಅಂತ ಕರದ್ರ ಅಂವ ಹೊಟ್ಟಿ ಸೀಳ್ಕೊಂಡ್ ಬರ್ತಿದ್ದ. ಅಗಸ್ತ್ಯರು ಉಂಡು ಹೊಟ್ಟಿ ಸವರ್ಕೊಂಡು "ವಾತಾಪಿ ಜೀರ್ಣೋಭವ" ಅಂದ್ರು, ಮುಗೀತು. ನಮ್ಮ ಊರಿನ ಹಳೇ ಹೆಸರ ವಾತಾಪಿ, ಕೆರಿ ಹೆಸರ ಅಗಸ್ತ್ಯ ತೀರ್ಥ, ಸಣ್ಣವರಿದ್ದಾಗ ಅದರ ಮೆಟ್ಟಲ ಮ್ಯಾಲ ಕುಂತು ಈ ಕಥಿ ಕೇಳೇವಿ. ಅದೇ ಅಗಸ್ತ್ಯರು ಸಮುದ್ರನೂ ಕುಡದ್ರಲ್ಲ! ಇಲ್ಲಿ ನಿಮ್ಮ ಥಾರ್ ಸೈತ ಮ್ಯಾಕಿ ತಿಂದು ಎಬಸ್ತಾನ, ಮುಂದ ಸಮುದ್ರ ಕುಡಿಯಾಕ ಹೊಂಟಾನ. ಎಲ್ಲಾ ಇಲ್ಲಿಂದನ ಹೋಗೇತಿ ಅನಸ್ತದರಿ.

ನೀನು ನೀವು ಅಂದ್ರೆಲ್ಲ, ದೇವ್ರಿಗೆ ನಾವು ಯಾವಾಗ್ಲೂ ನೀನ ಅಂತೀವಿ, ಗೌಡ್ರಿಗೆ ನೀವು ಅಂತೀವಿ. ಆ ಹುಡುಗಿಗೆ ಅಂವ ಗೌಡ ಅನಸ್ಯಾನೋ ದೇವ್ರು ಅನಸ್ಯಾನೋ ಮೊದಲ ಅದನ್ನ ವಿಚಾರ ಮಾಡ್ರಿ.

ಹಳೇಪುಸ್ತಕ:

ಬಾದಾಮಿಯವ್ರೇ, ಹೋಲಿಕೆ ಚೆನ್ನಾಗಿದೆ, ಆದ್ರೆ "ಇಲ್ಲಿಂದನ ಹೋಗೇತಿ" ಅಂತ ಮಾತ್ರ ಹಾರಬೇಡಿ. ಮೂಳೆ ಜೋಪಾನ ಮಾಡಿದ್ರೆ ಪ್ರಾಣಿ ಮತ್ತೆ ಹುಟ್ಟತ್ತೆ ಅನ್ನೋ ನಂಬಿಕೆ ಉತ್ತರದ ಬೇಟೆಗಾರ ಜನರಲ್ಲಿ ಬೇರೆ ಬೇರೆ ಕಡೆ ಇದೆ. ನಮ್ಮ ಕಥೆಲಿ ವಾತಾಪಿ ಎದ್ದು ಬರೋದು ಮೋಸಕ್ಕೆ, ಥಾರ್‌ನ ಹೋತ ಎದ್ದು ಬರೋದು ಬಡಿಸೋಕೆ, ಅಂದ್ರೆ ಇವತ್ತು ತಿಂದ್ರೂ ನಾಳೆಗೆ ಉಳಿಯೋ ಹಾಗೆ. ಮತ್ತೆ ಅಗಸ್ತ್ಯರು ಸಮುದ್ರ ಪೂರ್ತಿ ಕುಡಿದ್ರು. ಥಾರ್ ಮೂರು ಗುಟುಕಲ್ಲಿ ಸ್ವಲ್ಪ ಇಳಿಸಿದ ಅಷ್ಟೇ.

ನೀನು ನೀವು ಪಾಯಿಂಟ್ ಸೂಪರ್.

ಕಡಲಬದಿ:

ಆ ಮೂರು ಗುಟುಕಿನ ವಿಷಯ ಹೇಳ್ಬೇಕು ಅಂತಲೇ ಬಂದೆ ಮಾರಾಯ್ರೆ. ಕೋಟೆ ಬಿಟ್ಟು ಹೊರಗೆ ಬಂದ ಮೇಲೆ ಉಟ್‌ಗಾರ್ಡಿನ ರಾಜ ಗುಟ್ಟು ಹೇಳ್ತಾನಲ್ಲ, ನೀನು ಕುಡಿದ ಕೊಂಬಿನ ಇನ್ನೊಂದು ತುದಿ ಸಮುದ್ರದಲ್ಲಿ ಇತ್ತು, ನೀನು ಕುಡಿದದ್ದಕ್ಕೇ ಈಗ ನೀರು ಇಳಿಯುವುದು ಅಂತ. ನಮ್ಮಲ್ಲಿ ಇಳಿತದ ಹೊತ್ತಿಗೆ ಮಕ್ಕಳು ಮರುವಾಯಿ ಹೆಕ್ಕಲಿಕ್ಕೆ ಹೋಗ್ತಾರೆ, ಇನ್ನು ಮೇಲೆ ಅವರಿಗೆ ಥಾರ್ ಕುಡಿದ ಅಂತ ಹೇಳ್ತೇನೆ ನಾನು.

ರೋಸ್ಕ್ವ ಏನು ಮಾಡಿದಳು ಅಂತ ಕೇಳಿದ್ರಲ್ಲ, ನನಗೆ ಒಂದು ತೋಚ್ತಾ ಉಂಟು. ಅವಳನ್ನು ಯಾರೂ ಪಂದ್ಯಕ್ಕೆ ಕರೀಲಿಲ್ಲ ಅಲ್ವಾ, ಹಾಗಾದ್ರೆ ಅವಳು ನೋಡ್ತಾ ನಿಂತಿದ್ದಾಳೆ. ಪಂದ್ಯ ಆಡುವವನಿಗೆ ಎಂತ ಕಾಣ್ತದೆ, ಎದುರಿನವನ ಬೆನ್ನು ಮಾತ್ರ. ನೋಡುವವಳಿಗೆ ಎಲ್ಲ ಕಾಣ್ತದೆ. ಲೋಕಿಯ ಎದುರು ತಿಂದವ ಲೋಗಿ, ಅವ ಮಾಂಸ ತಿಂದ, ಮೂಳೆ ತಿಂದ, ಮಾಂಸ ಇಟ್ಟ ಮರದ ತೊಟ್ಟಿಯನ್ನೂ ತಿಂದ. ಈ ಹುಡುಗಿ ಒಂದು ಮೂಳೆ ಸೀಳಿದ್ದಕ್ಕೆ ಮನೆ ಬಿಟ್ಟು ಬಂದವಳು, ಮೂಳೆ ಎಲ್ಲಿ ಹೋಯ್ತು ಅಂತ ಬೇರೆ ಯಾರು ನೋಡದಿದ್ರೂ ಅವಳು ನೋಡಿಯೇ ನೋಡ್ತಾಳೆ! ಮೂಳೆ, ಮರ ಅಂತ ನೋಡದೆ ಎಲ್ಲ ತಿನ್ನುವುದು ಬೆಂಕಿ ಮಾತ್ರ. ತಮ್ಮನ ಎದುರು ಓಡಿದ ಹೂಗಿ ಅಂದ್ರೆ ಯೋಚನೆ, ಅವನಿಗೆ ಹೆಜ್ಜೆಗುರುತು ಇರ್ಲಿಕ್ಕಿಲ್ಲ. ಕೊಂಬಿಂದ ಒಂದು ಹನಿ ಬಿದ್ದಿರ್ತದೆ, ಅದು ಉಪ್ಪು. ಇದೆಲ್ಲ ಎಡ್ಡಾದಲ್ಲಿ ಇಲ್ಲ, ನಾನೇ ಹೇಳಿದ್ದು, ಆದ್ರೆ ಇರುವುದಕ್ಕೆ ಎಲ್ಲಿಯೂ ಪೆಟ್ಟು ಬೀಳುವುದಿಲ್ಲ ಅಲ್ವಾ?

ಚಳಿದೇಶದ_ಕನ್ನಡಿಗ:

ನಾನು ಇಲ್ಲಿ ನಾರ್ವೆಲಿದೀನಿ, ಈ ಥ್ರೆಡ್ ಬಸ್ಸಲ್ಲಿ ಓದ್ತಾ ಓದ್ತಾ ಸ್ಟಾಪ್ ಮಿಸ್ ಆಯ್ತು.

ಉಚ್ಚಾರಣೆ ಬಗ್ಗೆ ಒಂದ್ ಮಾತು, ಥಾರ್‌ನ ಮೊದಲಕ್ಷರ ಐಸ್‌ಲ್ಯಾಂಡಿಕ್‌ನಲ್ಲಿ ನಮ್ಮ ಥ ಅಲ್ಲ, ನಾಲಿಗೆ ತುದಿ ಹಲ್ಲಿನ ಮಧ್ಯ ಇಟ್ಟು ಗಾಳಿ ಬಿಡೋದು. ಇಲ್ಲಿ ನಾರ್ವೆಲಿ ಆ ಸದ್ದೇ ಹೋಗಿದೆ, "ಟೂರ್" ಅಂತಾರೆ, ನಮ್ ಆಫೀಸಲ್ಲೇ ಇಬ್ರು ಟೂರ್ ಇದಾರೆ, ಇಬ್ರೂ ಅಕೌಂಟ್ಸ್. ಹಾಗಾಗಿ ಕನ್ನಡದಲ್ಲಿ ಹೇಗ್ ಬರೆದ್ರೂ ತಲೆ ಕೆಡಿಸ್ಕೋಬೇಡಿ.

ಇನ್ನೊಂದು ತಮಾಷೆ. ಇಂಗ್ಲಿಷ್‌ನವ್ರ ಗುರುವಾರ ಥಾರ್ ಹೆಸ್ರಲ್ಲಿದೆ, ನಾರ್ವೆಲೂ "ಟೂಶ್‌ಡಾಗ್". ಆದ್ರೆ ಈ ಕಥೆ ಉಳಿಸಿಕೊಟ್ಟ ಐಸ್‌ಲ್ಯಾಂಡಿನಲ್ಲೇ ಗುರುವಾರಕ್ಕೆ ಥಾರ್ ಇಲ್ಲ, "ಐದನೇ ದಿನ" ಅಂತಾರೆ! ಹೋಲರ್‌ನ ಬಿಷಪ್ ಯೋನ್ ಓಗ್ಮುಂಡ್‌ಸನ್ 12ನೇ ಶತಮಾನದ ಶುರುಲಿ ಹಳೇ ದೇವರ ಹೆಸ್ರಿರೋ ವಾರಗಳನ್ನ ತೆಗೆಸಿದ್ರು ಅಂತ ಹೇಳ್ತಾರೆ. ಶನಿವಾರಕ್ಕೆ ಅಲ್ಲಿ "ಸ್ನಾನದ ದಿನ" ಅಂತ ಹೆಸ್ರು. ನಮ್ ತಾತ ಶನಿವಾರ ತಪ್ಪದೆ ಎಣ್ಣೆ ಹಚ್ಕೊಂಡು ಹಂಡೆ ಖಾಲಿ ಮಾಡ್ತಿದ್ರು, ಅವ್ರಿಗೆ ಹೇಳಿದ್ರೆ ಖುಷಿ ಪಡೋರು. ಸ್ನೋರಿ ಇದ್ದ ರೇಕ್‌ಹೋಲ್ಟ್‌ಗೆ ಹೋಗಿದ್ದೆ, ಅವ್ರ ಕಾಲದ ಬಿಸಿನೀರಿನ ಕೊಳ ಅಲ್ಲೇ ಇದೆ, ಸುತ್ತ ಕಲ್ಲು ಕಟ್ಟಿರೋ ಸಣ್ಣ ದುಂಡು ಕೊಳ. 1241ರಲ್ಲಿ ಅವ್ರನ್ನ ಕೊಂದಿದ್ದೂ ಅದೇ ಊರಲ್ಲಿ, ಮನೆ ನೆಲಮಾಳಿಗೆಲಿ. ಆ ಕೊಳದ ಪಕ್ಕ ನಿಂತ್ರೆ ಈ ಮನುಷ್ಯ ಸ್ನಾನ ಮಾಡ್ತಾ ಮಾಡ್ತಾನೇ ಮುದುಕಿ ಕುಸ್ತಿ ಯೋಚ್ನೆ ಮಾಡಿರ್ಬೇಕು ಅನ್ಸತ್ತೆ.

ಕಥೆಲಿ ಮನೆ ಬಗ್ಗೆ ಬರೆಯೋವಾಗ ಚಿಮಣಿ ಹಾಕ್ಬೇಡಿ. ಮಧ್ಯದಲ್ಲಿ ಉದ್ದಕ್ಕೆ ಬೆಂಕಿ, ಹೊಗೆ ಹೋಗಕ್ಕೆ ಸೂರಲ್ಲಿ ತೂತು, ಗೋಡೆಗೆ ಒರಗಿಸಿ ಎರಡೂ ಕಡೆ ಜಗಲಿ, ಕೂರೋದೂ ಅಲ್ಲೇ ಮಲಗೋದೂ ಅಲ್ಲೇ.

ಇರುಳುಗತೆ:

ಎಲ್ರಿಗೂ ಏನ್ ಹೇಳ್ಲಿ ಗೊತ್ತಾಗ್ತಿಲ್ಲ, ಎರಡ್ ದಿನ ಅಡುಗೆ ಮನೇಲಿ ನಿಂತೇ ಬರ್ದೆ. ಆಲೂಗಡ್ಡೆ ಹೋಯ್ತು, ಕೊಂಬು ಹೋಯ್ತು, ಚಿಮಣಿನೂ ಇತ್ತು, ಅದೂ ಹೋಯ್ತು. ಅಕ್ಕ ಅಂತ ಮಾಡಿದೀನಿ. ನಲ್ಲಿ ಮೂಳೆ ಅರ್ಧ ಅಕ್ಕಂಗೆ ಕೊಡೋದು ಹಾಗೇ ಇಟ್ಕೊಂಡೆ, ಅಮ್ಮ ಆಫ್ ಟೂ ಕ್ಷಮಿಸ್ಬೇಕು. ಕೋಟೆಯ ಭಾಗ ಮಾತ್ರ ಇಲ್ಲಿ ಹಾಕ್ತೀನಿ.

"ಥಾರ್ ಮೂರನೇ ಸಲ ಕೊಂಬಿಗೆ ಬಾಯಿಟ್ಟ. ಗಂಟಲು ಏರಿತು, ಇಳಿಯಿತು, ಏರಿತು, ಇಳಿಯಿತು. ಉಸಿರು ಸಾಲದೆ ಕೊಂಬು ಕೆಳಗಿಟ್ಟಾಗ ತುಟಿಯಿಂದ ಒಂದು ಹನಿ ನೆಲಕ್ಕೆ ಬಿತ್ತು. ದೈತ್ಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಯಾರೂ ನೋಡಲಿಲ್ಲ. ರೋಸ್ಕ್ವ ಸೆರಗಿನ ತುದಿ ಹಿಡಿದು ನೆಲ ಒರೆಸುವವಳ ಹಾಗೆ ಬಗ್ಗಿದಳು. ಆಳು ನೆಲ ಒರೆಸಿದರೆ ಯಾರು ಕೇಳುತ್ತಾರೆ? ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪು! ಅವಳ ಮನೆಯಲ್ಲಿ ಉಪ್ಪು ಮೀನಿಗೂ ಸಾಲುತ್ತಿರಲಿಲ್ಲ, ಇಲ್ಲಿ ಕುಡಿಯೋದಕ್ಕೆ ಉಪ್ಪು ಹಾಕುತ್ತಾರಾ?

ಆಮೇಲೆ ಬೂದು ಬೆಕ್ಕು ಬಂತು. ಥಾರ್ ಅದರ ಹೊಟ್ಟೆಗೆ ಕೈ ಕೊಟ್ಟು ಎತ್ತಿದ. ಬೆಕ್ಕು ಬೆನ್ನು ಬಾಗಿಸಿತು, ಅವನು ಎತ್ತಿದಷ್ಟೂ ಬಾಗಿಸಿತು. ಕೊನೆಗೆ ಒಂದೇ ಒಂದು ಪಂಜ ನೆಲ ಬಿಟ್ಟಿತು. ಆಗ ರೋಸ್ಕ್ವಳ ಕಾಲಡಿಯ ಕಲ್ಲು ಸಣ್ಣಗೆ ನಡುಗಿತು. ಬೆಕ್ಕು ಕಾಲೆತ್ತಿದರೆ ಭೂಮಿ ಯಾಕೆ ನಡುಗಬೇಕು?

ಮುದುಕಿ ಕೋಲು ಊರುತ್ತಾ ಬಂದಾಗ ರೋಸ್ಕ್ವ ನಗಲಿಲ್ಲ. ಥಾರ್ ಒಂದು ಮೊಣಕಾಲು ಊರಿ ಕೂತುಬಿಟ್ಟ. ಕೋಟೆಯೆಲ್ಲ ಮಲಗಿದ ಮೇಲೂ ಅವನು ಬೆಂಕಿಯ ಮುಂದೆ ಹಾಗೇ ಕೂತಿದ್ದ. ರೋಸ್ಕ್ವ ಒಂದು ಬಟ್ಟಲು ನೀರು ತಂದು ಅವನ ಮುಂದೆ ಇಟ್ಟಳು. ಮನೆ ಬಿಟ್ಟ ದಿನದಿಂದ ಅವಳು ಅವನನ್ನು ನೀವು, ಒಡೆಯರೇ ಅಂತಲೇ ಕರೆಯುತ್ತಿದ್ದಳು.

'ಬಾಯಾರಿಕೆ ಆಗಿರಬೇಕಲ್ಲ ನಿನಗೆ,' ಅಂದಳು. 'ನೀನು ಕುಡಿದಿದ್ದು ಬರೀ ಉಪ್ಪುನೀರು.'

ಥಾರ್ ಅವಳ ಮುಖವನ್ನು ಮೊದಲನೇ ಸಲ ನೋಡಿದ."

ಸೆರಗು ಅಂತ ಬರ್ದಿದೀನಿ, ಅಲ್ಲಿ ಸೀರೆ ಎಲ್ಲಿಂದ ಬರ್ಬೇಕು, ಈಗ ಟೈಪ್ ಮಾಡೋವಾಗ ಕಾಣ್ತು, ಲಂಗದ ಅಂಚು ಅಂತ ತಿದ್ಕೋತೀನಿ. ಗುಟ್ಟನ್ನ ಬೆಳಿಗ್ಗೆ ರಾಜನೇ ಹೇಳ್ಲಿ ಅಂತ ಹಾಗೇ ಬಿಟ್ಟಿದೀನಿ, ರೋಸ್ಕ್ವ ಉಪ್ಪಿನ ವಿಷಯ ಬಿಟ್ರೆ ಬೇರೆ ಹೇಳಲ್ಲ.

ನಿನ್ನೆ ರಾತ್ರಿ ಓದಿ ಹೇಳ್ದೆ. ಬೆಕ್ಕಿನ ಹತ್ರ ಎದ್ದು ಕೂತ್ಲು, ಬೆಕ್ಕು ಅಂದ್ರೆ ಹಾವಾ ಅಂತ ರಾಜ ಹೇಳೋಕ್ ಮುಂಚೆನೇ ಕಂಡುಹಿಡಿದ್ಲು (ಆ ಬೆಕ್ಕು ನಿಜಕ್ಕೂ ಭೂಮಿ ಸುತ್ತ ಸುತ್ಕೊಂಡಿರೋ ಹಾವು ಅಂತ ಹೋದ್ಸಲದ ಕಥೆ ನೆನಪಿಟ್ಕೊಂಡಿದಾಳೆ, ಕಂಡುಹಿಡಿದಿದ್ದೇನಿಲ್ಲ). ಮುಗೀತು, ಲೈಟ್ ಆರಿಸ್ದೆ. ನಿದ್ದೆ ಬಂತು ಅಂದ್ಕೊಂಡೆ. ಕತ್ಲಲ್ಲಿ ಮೆಲ್ಲಗೆ, "ಅಮ್ಮಾ, ಸಮುದ್ರ ದಾಟೋವಾಗ ಕುಂಟ ಹೋತನೂ ಬಂತಾ?"

ಎದ್ದು ನೋಡ್ದೆ, ಹೋತಗಳನ್ನ ಅಲ್ಲೇ ಬಿಟ್ಟು ಹೋದ ಅಂತ ಅರ್ಧ ಸಾಲಿದೆ ಅಷ್ಟೇ. ಹಾಗಾದ್ರೆ ಅದು ಆ ರೈತನ ಮನೇಲೇ ಇತ್ತು, ಮಕ್ಕಳಿಬ್ರೂ ಇಲ್ದಿರೋ ಮನೇಲಿ, ಅವರಮ್ಮ ಅದಕ್ಕೆ ಹುಲ್ಲು ಹಾಕ್ತಿದ್ಲಾ ಇಲ್ವಾ? ಇವತ್ ರಾತ್ರಿ ಒಂಬತ್ತೂವರೆ ಒಳಗೆ ನಂಗೆ ಗೊತ್ತಾಗ್ಬೇಕು.